ತೆರಿಗೆ ರಸೀದಿಯಿಂದ ಅಳತೆ ಪುಸ್ತಕದವರೆಗೆ: ಊರಿನ ಒಂದು ಕಾಮಗಾರಿಯ ಹಣವನ್ನು ಹಿಂಬಾಲಿಸುವ ಬಗೆ

ರಾಜ್ಯದ ಆಯವ್ಯಯ ಮಂಡನೆಯಾದ ಮರುದಿನ ಪತ್ರಿಕೆಗಳ ಮುಖಪುಟವೆಲ್ಲ ಲಕ್ಷ ಕೋಟಿಗಳ ಲೆಕ್ಕದಿಂದ ತುಂಬಿರುತ್ತದೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಮಂಡಿಸಿದ 2025–26ನೇ ಸಾಲಿನ ಕರ್ನಾಟಕ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಈ ಸಂಖ್ಯೆಯನ್ನು ಎಷ್ಟು ಸಲ ಓದಿದರೂ ನಮ್ಮ ಓಣಿಯ ಚರಂಡಿ ಅರ್ಧಕ್ಕೇ ಏಕೆ ನಿಂತಿತು ಎಂಬುದು ತಿಳಿಯುವುದಿಲ್ಲ. ಆಯವ್ಯಯವನ್ನು ಮೇಲಿನಿಂದ ಓದಲು ಹೊರಟವರಲ್ಲಿ ಹೆಚ್ಚಿನವರು ಎರಡನೆಯ ಪುಸ್ತಕಕ್ಕೇ ಸುಸ್ತಾಗುತ್ತಾರೆ. ಆದ್ದರಿಂದ ಇಲ್ಲಿ ಬೇರೆ ದಾರಿಯನ್ನು ಸೂಚಿಸಲಾಗಿದೆ. ನಿಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಒಂದೇ ಒಂದು ಕಾಮಗಾರಿಯನ್ನು, ಉದಾಹರಣೆಗೆ ಒಂದು ಕಾಂಕ್ರೀಟ್ ರಸ್ತೆಯನ್ನು, ಆರಿಸಿಕೊಳ್ಳಿ. ಅದಕ್ಕೆ ಹಣ ಎಲ್ಲಿಂದ ಬಂತು, ಯಾವ ಕಾಗದಗಳ ಮೂಲಕ ಇಳಿದು ಬಂತು, ಕೊನೆಗೆ ಎಷ್ಟು ಘನ ಮೀಟರ್ ಕಾಂಕ್ರೀಟ್ ಆಯಿತು ಎಂಬುದನ್ನು ಹಿಂಬಾಲಿಸಿ. ಒಂದು ಕಾಮಗಾರಿಯ ಜಾಡು ಪೂರ್ತಿ ಹಿಡಿದವರಿಗೆ ಉಳಿದ ಪುಸ್ತಕಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಮೊದಲ ಹೆಜ್ಜೆ: ಮನೆಯಲ್ಲಿರುವ ರಸೀದಿ

ಕೆಲಸ ಆರಂಭಿಸಲು ಯಾವ ಕಚೇರಿಗೂ ಹೋಗಬೇಕಿಲ್ಲ. ನೀವು ಪಂಚಾಯಿತಿಗೆ ಕಟ್ಟಿದ ಮನೆ ಕಂದಾಯದ ರಸೀದಿಯನ್ನು ತೆಗೆದು ಓದಿ. ಕಟ್ಟಡ ಹಾಗೂ ನಿವೇಶನದ ಮೇಲಿನ ತೆರಿಗೆಯ ಕೆಳಗೆ ಕೆಲವು ಉಪಕರಗಳು ಇರುತ್ತವೆ. ತೆರಿಗೆಯ ಮೊತ್ತದ ಮೇಲೆ ಶೇ 15ರಷ್ಟು ಆರೋಗ್ಯ ಕರ, ಶೇ 6ರಷ್ಟು ಗ್ರಂಥಾಲಯ ಕರ, ಶೇ 3ರಷ್ಟು ಭಿಕ್ಷುಕರ ಕರ ಎಂಬ ಸಾಲುಗಳನ್ನು ಅನೇಕರು ಗಮನಿಸಿಯೇ ಇರುವುದಿಲ್ಲ. ಈ ಕರಗಳನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆಯಾದರೂ ಅವು ಅದರ ಸ್ವಂತ ಹಣವಲ್ಲ. ಗ್ರಂಥಾಲಯ ಕರವು ಗ್ರಂಥಾಲಯ ವ್ಯವಸ್ಥೆಗೆ ಸೇರಬೇಕು, ಭಿಕ್ಷುಕರ ಕರವು 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದಡಿ ನಡೆಯುವ ಪುನರ್ವಸತಿ ಕೆಲಸಕ್ಕೆ ಸೇರಬೇಕು. ವಸೂಲಾದ ಕರವನ್ನು ಸಂಬಂಧಪಟ್ಟವರಿಗೆ ಪಾವತಿಸದೆ ವರ್ಷಗಟ್ಟಲೆ ಇಟ್ಟುಕೊಂಡ ಬಗ್ಗೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತುವುದು ಸಾಮಾನ್ಯ. ಹಾಗಾಗಿ ಪಂಚಾಯಿತಿಯ ಲೆಕ್ಕದಲ್ಲಿ ನೀವು ಕೇಳಬಹುದಾದ ಮೊದಲ ಪ್ರಶ್ನೆ ನಿಮ್ಮ ಕೈಯಲ್ಲಿಯೇ ಇದೆ: ಈ ವರ್ಷ ವಸೂಲಾದ ಉಪಕರವೆಷ್ಟು, ಪಾವತಿಸಿದ್ದೆಷ್ಟು?

ರಸೀದಿಯಿಂದ ಮುಂದೆ ಹೋಗಬೇಕಾದ ಕಾಗದ ಡಿಸಿಬಿ ವಹಿ, ಅಂದರೆ ಬೇಡಿಕೆ, ವಸೂಲಿ, ಬಾಕಿಗಳ ಪಟ್ಟಿ. ಊರಿನ ಎಲ್ಲ ಆಸ್ತಿಗಳಿಂದ ಬರಬೇಕಾದ ತೆರಿಗೆ, ಬಂದ ತೆರಿಗೆ ಮತ್ತು ಉಳಿದದ್ದು ಅಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತವೆ. ಬೇಡಿಕೆಯ ಅಂಕಿ ವರ್ಷದಿಂದ ವರ್ಷಕ್ಕೆ ಕದಲದೆ ನಿಂತಿದ್ದು, ಅದೇ ಅವಧಿಯಲ್ಲಿ ಊರಿನಲ್ಲಿ ಹತ್ತಾರು ಹೊಸ ಮನೆಗಳು, ಒಂದೆರಡು ಕಲ್ಯಾಣ ಮಂಟಪಗಳು ಎದ್ದಿದ್ದರೆ, ಅವುಗಳಲ್ಲಿ ಕೆಲವಾದರೂ ತೆರಿಗೆಯ ವಹಿಗೆ ಏರಿಲ್ಲವೆಂದೇ ಅರ್ಥ. ಖರ್ಚಿನ ಬಗ್ಗೆ ಗಟ್ಟಿಯಾಗಿ ಮಾತನಾಡುವ ನಾವು ಬಾರದ ವರಮಾನದ ಬಗ್ಗೆ ಮೌನವಾಗಿರುತ್ತೇವೆ. ಬಾಕಿದಾರರ ಪಟ್ಟಿಯಲ್ಲಿ ನಮ್ಮ ನೆಂಟರಿಷ್ಟರೂ ಇರುವುದು ಇದಕ್ಕೆ ಒಂದು ಕಾರಣವಿರಬಹುದು.

ಎರಡನೆಯ ಹೆಜ್ಜೆ: ಪಂಚಾಯಿತಿಯ ಹಣ ಎಷ್ಟು ಬಗೆಯದು

ಪಂಚಾಯಿತಿಯ ಖಾತೆಯಲ್ಲಿರುವ ಹಣವೆಲ್ಲ ಒಂದೇ ಜಾತಿಯದಲ್ಲ. ಇದು ಅರ್ಥವಾಗದಿದ್ದರೆ ಮುಂದಿನ ಯಾವ ಪ್ರಶ್ನೆಯೂ ಸರಿಯಾಗಿ ಹುಟ್ಟುವುದಿಲ್ಲ. ಮೊದಲನೆಯದು ಸ್ವಂತ ಸಂಪನ್ಮೂಲ: ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ ಮುಂತಾದವು. ಇದನ್ನು ಬಳಸುವಲ್ಲಿ ಪಂಚಾಯಿತಿಗೆ ಹೆಚ್ಚಿನ ಸ್ವಾತಂತ್ರ್ಯವಿದೆ. ಎರಡನೆಯದು ರಾಜ್ಯ ಸರ್ಕಾರ ಕೊಡುವ ಶಾಸನಬದ್ಧ ಅನುದಾನ. ಇದರ ಬಹುಪಾಲು ಬೀದಿದೀಪ ಮತ್ತು ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಿಲ್ಲಿಗೆ ಹಾಗೂ ಸಿಬ್ಬಂದಿ ವೇತನಕ್ಕೆ ಹೋಗುತ್ತದೆ. ಮೂರನೆಯದು ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ. ಸಂವಿಧಾನದ 280ನೇ ವಿಧಿಯಡಿ ರಚನೆಯಾಗುವ ಈ ಆಯೋಗಗಳಲ್ಲಿ 15ನೆಯದು 2021–22ರಿಂದ 2025–26ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿಸಿ, ಉಳಿದ ಶೇ 40ರಷ್ಟನ್ನು ಮುಕ್ತವಾಗಿ ಬಿಟ್ಟಿತ್ತು. ಆ ಅವಧಿಯ ನಿರ್ಬಂಧಿತ ಹಣದಲ್ಲಿ ಸ್ವಾಗತ ಕಮಾನು ಕಟ್ಟಿದ್ದರೆ ಅದು ರುಚಿಯ ಪ್ರಶ್ನೆಯಲ್ಲ, ನಿಯಮದ ಪ್ರಶ್ನೆ. ನಾಲ್ಕನೆಯದು ಯೋಜನೆಗಳ ಹಣ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ ಇತ್ಯಾದಿ. ಇವುಗಳ ಕಾಮಗಾರಿ ಊರಿನೊಳಗೇ ನಡೆದರೂ ಹಣ ಅನೇಕ ಸಲ ಪಂಚಾಯಿತಿಯ ಖಾತೆಗೆ ಬರುವುದೇ ಇಲ್ಲ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಊರಿನ ರಸ್ತೆ ಕೆಟ್ಟಿತೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಸುತ್ತುವರಿದು ಕೂಗಾಡಿ, ಆ ಮೇಲೆ ಅದು ಲೋಕೋಪಯೋಗಿ ಇಲಾಖೆಯದೋ ಜಿಲ್ಲಾ ಪಂಚಾಯಿತಿಯದೋ ರಸ್ತೆ ಎಂದು ತಿಳಿದು ಸುಮ್ಮನಾಗುವುದನ್ನು ನೋಡುತ್ತಲೇ ಇರುತ್ತೇವೆ. ನಾನೂ ಒಮ್ಮೆ ಆರು ತಿಂಗಳ ಕಾಲ ತಪ್ಪು ಕಚೇರಿಯ ಬಾಗಿಲನ್ನೇ ತಟ್ಟಿದ್ದೆ. ಕಾಮಗಾರಿ ಸ್ಥಳದ ನಾಮಫಲಕವನ್ನು ಮೊದಲು ನೋಡಿದ್ದರೆ ಆ ಆರು ತಿಂಗಳು ಉಳಿಯುತ್ತಿತ್ತು. ಕಾಮಗಾರಿಯ ಹೆಸರು, ಯೋಜನೆ, ಲೆಕ್ಕ ಶೀರ್ಷಿಕೆ (ಹಣ ಆಯವ್ಯಯದ ಯಾವ ಸಾಲಿನದೆಂದು ಹೇಳುವ ಸಂಕೇತ ಸಂಖ್ಯೆ), ಅಂದಾಜು ಮೊತ್ತ, ಗುತ್ತಿಗೆದಾರ, ಆರಂಭ ಮತ್ತು ಮುಕ್ತಾಯದ ದಿನಾಂಕ ಫಲಕದ ಮೇಲೆ ಇರಬೇಕು. ಫಲಕವಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಫಲಕವಿಲ್ಲದ ಸ್ಥಳದ ಚಿತ್ರವನ್ನೇ ತೆಗೆದಿಟ್ಟುಕೊಳ್ಳಿ, ಅದೂ ದಾಖಲೆಯೇ.

ಹಣಕಾಸು ಆಯೋಗದ ಅನುದಾನದ ಜಮಾ ಮತ್ತು ಖರ್ಚನ್ನು 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿವಾರು ನೋಡಬಹುದು. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಎಂದು ಆರಿಸುತ್ತ ಹೋದರೆ ಅನುಮೋದಿತ ವಾರ್ಷಿಕ ಯೋಜನೆಯೂ ಪಾವತಿಗಳ ಪಟ್ಟಿಯೂ ಸಿಗುತ್ತವೆ. ಪಂಚಾಯಿತಿಯ ದಿನನಿತ್ಯದ ಲೆಕ್ಕ ರಾಜ್ಯದ ಪಂಚತಂತ್ರ ತಂತ್ರಾಂಶದಲ್ಲಿ ನಡೆಯುತ್ತದೆ. ಇವೆರಡರ ಜೊತೆ ಪಂಚಾಯಿತಿಯ ಸಾಮಾನ್ಯ ಸಭೆ ಅಂಗೀಕರಿಸಿದ ವಾರ್ಷಿಕ ಆಯವ್ಯಯದ ಪ್ರತಿಯನ್ನೂ ಕೇಳಿ ಪಡೆಯಿರಿ.

ಪಟ್ಟಣದ ಓದುಗರಿಗೆ ಇಲ್ಲಿಯೇ ಒಂದು ಮಾತು. ಪುರಸಭೆ, ನಗರಸಭೆಗಳು 1964ರ ಪುರಸಭೆಗಳ ಅಧಿನಿಯಮಕ್ಕೆ, ಮಹಾನಗರ ಪಾಲಿಕೆಗಳು 1976ರ ಅಧಿನಿಯಮಕ್ಕೆ ಒಳಪಡುತ್ತವೆ. ಬೆಂಗಳೂರಿಗೆ ಪ್ರತ್ಯೇಕ ಕಾನೂನಿದೆ. ಕಾಗದಗಳ ಹೆಸರು ಸ್ವಲ್ಪ ಬದಲಾದರೂ ಜಾಡು ಹಿಡಿಯುವ ಕ್ರಮ ಒಂದೇ.

ಮೂರನೆಯ ಹೆಜ್ಜೆ: ರಾಜ್ಯದ ಆಯವ್ಯಯದಲ್ಲಿ ನಿಮಗೆ ಬೇಕಾದ ಸಾಲು

ಈಗ ನಾಮಫಲಕದಲ್ಲಿ ಸಿಕ್ಕ ಲೆಕ್ಕ ಶೀರ್ಷಿಕೆಯನ್ನು ಹಿಡಿದು ರಾಜ್ಯದ ಪುಸ್ತಕಗಳಿಗೆ ಹೋಗಬಹುದು. ಆಯವ್ಯಯ ಭಾಷಣ, ಸಂವಿಧಾನದ 202ನೇ ವಿಧಿಯಡಿ ಮಂಡಿಸುವ ವಾರ್ಷಿಕ ಹಣಕಾಸು ತಃಖ್ತೆ, ಇಲಾಖಾವಾರು ಅನುದಾನ ಬೇಡಿಕೆಗಳು, ಮಧ್ಯಮಾವಧಿ ವಿತ್ತೀಯ ಯೋಜನೆ, ಇವೆಲ್ಲ ಹಣಕಾಸು ಇಲಾಖೆಯ ಜಾಲತಾಣದಲ್ಲಿವೆ. ಭಾಷಣವನ್ನು ಕೊನೆಗೆ ಓದಿ. ಅದರಲ್ಲಿ ಹೊಸ ಘೋಷಣೆಗಳಿಗೆ ಸಿಗುವ ಜಾಗ ನಡೆಯುತ್ತಿರುವ ಕೆಲಸಗಳಿಗೆ ಸಿಗುವುದಿಲ್ಲ, ಮತ್ತು ಘೋಷಿಸಿದ ಮೊತ್ತ ಒಂದೇ ವರ್ಷದ್ದೋ ಹಲವು ವರ್ಷಗಳದ್ದೋ ಎಂಬುದು ಅನೇಕ ಸಲ ಸ್ಪಷ್ಟವಿರುವುದಿಲ್ಲ.

ಲೆಕ್ಕ ಶೀರ್ಷಿಕೆಯ ಮೊದಲ ನಾಲ್ಕು ಅಂಕಿಗಳು ಇಡೀ ದೇಶಕ್ಕೆ ಒಂದೇ. ಇವನ್ನು ಓದುವ ಕೀಲಿ ತೀರ ಸರಳವಾಗಿದ್ದರೂ ಏಕೋ ಯಾರೂ ಹೇಳಿಕೊಡುವುದಿಲ್ಲ. ಶೀರ್ಷಿಕೆ 0 ಅಥವಾ 1ರಿಂದ ಆರಂಭವಾದರೆ ಅದು ರಾಜಸ್ವ ಜಮೆ, ಅಂದರೆ ತೆರಿಗೆಯಂಥ ವರಮಾನ; 2 ಅಥವಾ 3 ಆದರೆ ರಾಜಸ್ವ ವೆಚ್ಚ, ಅಂದರೆ ವೇತನ, ನಿರ್ವಹಣೆಯಂಥ ದಿನನಿತ್ಯದ ಖರ್ಚು; 4 ಅಥವಾ 5 ಆದರೆ ಬಂಡವಾಳ ವೆಚ್ಚ, ಅಂದರೆ ಆಸ್ತಿ ನಿರ್ಮಿಸುವ ಖರ್ಚು; 6 ಅಥವಾ 7 ಆದರೆ ಸರ್ಕಾರ ಕೊಡುವ ಸಾಲ ಮತ್ತು ಮುಂಗಡ; 8 ಆದರೆ ಮುಖ್ಯವಾಗಿ ಸಾರ್ವಜನಿಕ ಲೆಕ್ಕ, ಅಂದರೆ ಠೇವಣಿಯಂತೆ ಸರ್ಕಾರ ಇತರರ ಪರವಾಗಿ ಇಟ್ಟುಕೊಂಡ ಹಣ. ಆರೋಗ್ಯದ ರಾಜಸ್ವ ವೆಚ್ಚ 2210ರಲ್ಲಿದ್ದರೆ ಅದಕ್ಕೆ 2000 ಕೂಡಿಸಿ ಬರುವ 4210 ಆಸ್ಪತ್ರೆ ಕಟ್ಟಡದಂಥ ಬಂಡವಾಳ ವೆಚ್ಚ. ರಸ್ತೆ ಮತ್ತು ಸೇತುವೆಗಳ ನಿರ್ವಹಣೆ 3054, ಹೊಸ ನಿರ್ಮಾಣ 5054. ಸಾಮಾನ್ಯ ಶಿಕ್ಷಣ 2202, ನೀರು ಸರಬರಾಜು ಮತ್ತು ನೈರ್ಮಲ್ಯ 2215, ಇತರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮಗಳು 2515. ಜಮೆಯ ಕಡೆಯಲ್ಲಿ ಮುದ್ರಾಂಕ ಮತ್ತು ನೋಂದಣಿ 0030, ಅಬಕಾರಿ 0039, ವಾಹನ ತೆರಿಗೆ 0041. ಈ ಹತ್ತು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ನೂರಾರು ಪುಟಗಳ ಪುಸ್ತಕದಲ್ಲಿ ದಾರಿ ತಪ್ಪುವುದಿಲ್ಲ.

ಸಾಲು ಸಿಕ್ಕಿದ ಮೇಲೆ ಅಂಕಣಗಳನ್ನು ನೋಡಬೇಕು, ಏಕೆಂದರೆ ಆಯವ್ಯಯದ ನಿಜವಾದ ಕಥೆ ಇರುವುದು ಅವುಗಳ ನಡುವಿನ ಅಂತರದಲ್ಲಿ. ಪ್ರತಿ ಸಾಲಿಗೂ ಎರಡು ವರ್ಷ ಹಿಂದಿನ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಆಯವ್ಯಯ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಅಂದಾಜು ಎಂದರೆ ಮಾತು ಕೊಟ್ಟಿದ್ದು, ಲೆಕ್ಕ ಎಂದರೆ ನಡೆದದ್ದು. ಒಂದು ಯೋಜನೆಗೆ ಈ ವರ್ಷ 100 ಕೋಟಿ ಎಂದು ಘೋಷಿಸಿ, ವರ್ಷದ ಕೊನೆಯ ಪರಿಷ್ಕೃತ ಅಂದಾಜಿನಲ್ಲಿ ಅದನ್ನು 60 ಕೋಟಿಗೆ ಇಳಿಸಿ, ಎರಡು ವರ್ಷದ ನಂತರದ ಲೆಕ್ಕದಲ್ಲಿ 45 ಕೋಟಿ ಎಂದು ಬಂದರೆ, ಆ ಮೂರು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ ಇಳಿಕೆ ಕಾಣುತ್ತದೆ. ಆದ್ದರಿಂದ ಒಂದೇ ವರ್ಷದ ಪುಸ್ತಕವನ್ನು ಓದಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಮೂರು ವರ್ಷಗಳ ಅದೇ ಸಾಲನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಇಡೀ ರಾಜ್ಯದ ಆರೋಗ್ಯವನ್ನು ಒಂದು ನೋಟದಲ್ಲಿ ನೋಡಬೇಕೆನ್ನುವವರು 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮದ ಮೂರು ಮಾನದಂಡಗಳನ್ನು ನೋಡಬಹುದು: ರಾಜಸ್ವ ಕೊರತೆ (ರಾಜಸ್ವ ಜಮೆಯನ್ನು ಮೀರಿದ ರಾಜಸ್ವ ವೆಚ್ಚ) ಇರಬಾರದು, ವಿತ್ತೀಯ ಕೊರತೆ (ಸಾಲ ಮಾಡಿ ತುಂಬಬೇಕಾದ ಒಟ್ಟು ಕೊರತೆ) ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ರೊಳಗಿರಬೇಕು, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಸಾಲ ಇತ್ಯಾದಿ) ಶೇ 25ರೊಳಗಿರಬೇಕು. 2025–26ರ ಅಂದಾಜಿನಲ್ಲಿ ರಾಜಸ್ವ ಕೊರತೆ 19,262 ಕೋಟಿ ರೂಪಾಯಿ, ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಎರಡು ಮಾನದಂಡಗಳಲ್ಲಿ ಕೂದಲೆಳೆಯ ಅಂತರದಲ್ಲಿ ಗಡಿಯೊಳಗಿದ್ದು, ಒಂದರಲ್ಲಿ ಗಡಿ ದಾಟಿದ ಲೆಕ್ಕ ಇದು. ಇಂಥ ವರ್ಷದಲ್ಲಿ ನಿರೀಕ್ಷಿಸಿದ ವರಮಾನ ಸ್ವಲ್ಪ ಕುಸಿದರೂ ಮೊದಲು ಕತ್ತರಿ ಬೀಳುವುದು ವೇತನ, ಪಿಂಚಣಿ, ಬಡ್ಡಿಗಳಿಗಲ್ಲ, ಕಾಮಗಾರಿಗಳಿಗೆ. ನಿಮ್ಮ ಓಣಿಯ ರಸ್ತೆಗೂ ಅಬಕಾರಿ ವರಮಾನದ ಗುರಿಗೂ ಇರುವ ನಂಟು ಇದೇ.

ನಾಲ್ಕನೆಯ ಹೆಜ್ಜೆ: ಹಂಚಿಕೆ, ಬಿಡುಗಡೆ, ಖರ್ಚು ಎಂಬ ಮೂರು ಬೇರೆ ಪದಗಳು

ಆಯವ್ಯಯದಲ್ಲಿ ಮೊತ್ತ ನಮೂದಾದ ಮಾತ್ರಕ್ಕೆ ಹಣ ಹೊರಡುವುದಿಲ್ಲ. ಜಿಲ್ಲಾ, ತಾಲ್ಲೂಕು, ಗ್ರಾಮ ಪಂಚಾಯಿತಿಗಳ ಪಾಲು ಎಷ್ಟೆಂಬುದನ್ನು ಜಿಲ್ಲಾವಾರು ತೋರಿಸುವ ಲಿಂಕ್ ಡಾಕ್ಯುಮೆಂಟ್ ಎಂಬ ಪುಸ್ತಕವಿದೆ. ಅದರಲ್ಲಿರುವುದು ಹಂಚಿಕೆ. ಆ ಮೇಲೆ ಕಂತುಗಳಲ್ಲಿ ಹೊರಡುವ ಸರ್ಕಾರಿ ಆದೇಶದಲ್ಲಿರುವುದು ಬಿಡುಗಡೆ. ರಾಜ್ಯ ಖಜಾನೆಯ ಗಣಕೀಕೃತ ಖಜಾನೆ-2 ವ್ಯವಸ್ಥೆಯಲ್ಲಿ ಬಿಲ್ಲು ಪಾಸಾಗಿ ಹಣ ಸಂದಾಯವಾದದ್ದು ಖರ್ಚು. ಅಧಿಕಾರಿಗಳಾಗಲಿ ಜನಪ್ರತಿನಿಧಿಗಳಾಗಲಿ “ಇಷ್ಟು ಕೋಟಿ ಕೊಟ್ಟಿದ್ದೇವೆ” ಎಂದಾಗ ಆ ಕೋಟಿ ಈ ಮೂರರಲ್ಲಿ ಯಾವುದು ಎಂದು ಕೇಳುವುದೊಂದೇ ಅರ್ಧ ಚರ್ಚೆಯನ್ನು ಮುಗಿಸುತ್ತದೆ.

ಖರ್ಚೆಂದು ಬರೆದದ್ದೂ ಯಾವಾಗಲೂ ಖರ್ಚಾಗಿರುವುದಿಲ್ಲ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳಿನಲ್ಲಿ, ಅನುದಾನ ವ್ಯಪಗತವಾಗುತ್ತದೆ, ಅಂದರೆ ಬಳಸದೆ ಕೈತಪ್ಪುತ್ತದೆ ಎಂಬ ಭಯದಿಂದ, ಹಣವನ್ನು ಖಜಾನೆಯಿಂದ ಸೆಳೆದು ನಿರ್ಮಾಣ ಏಜೆನ್ಸಿಯ ಖಾತೆಗೋ ಅಧಿಕಾರಿಯ ಹುದ್ದೆಯ ಹೆಸರಿನಲ್ಲಿರುವ ವೈಯಕ್ತಿಕ ಠೇವಣಿ ಖಾತೆಗೋ ಹಾಕಿಡುವುದು ಹಳೆಯ ರೂಢಿ. ಪುಸ್ತಕದಲ್ಲಿ ಅದು ವೆಚ್ಚ, ನೆಲದ ಮೇಲೆ ಒಂದು ಗುದ್ದಲಿಯೂ ಬಿದ್ದಿರುವುದಿಲ್ಲ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು, ಅಂದರೆ ಸಿಎಜಿ, 151ನೇ ವಿಧಿಯಡಿ ರಾಜ್ಯಪಾಲರಿಗೆ ಸಲ್ಲಿಸಿ ವಿಧಾನಮಂಡಲದ ಮುಂದೆ ಬರುವ ವರದಿಗಳಲ್ಲಿ, ಅದರಲ್ಲೂ ರಾಜ್ಯ ಹಣಕಾಸಿನ ಮೇಲಿನ ವರದಿಯಲ್ಲಿ, ವರ್ಷಾಂತ್ಯದ ಈ ಧಾವಂತ, ಬಾರದ ಬಳಕೆ ಪ್ರಮಾಣಪತ್ರಗಳು, ಠೇವಣಿ ಖಾತೆಗಳಲ್ಲಿ ಕೊಳೆಯುವ ಹಣ ಇವುಗಳ ಲೆಕ್ಕ ಸಿಗುತ್ತದೆ. ಉಪಯುಕ್ತ ದಾಖಲೆ ಒಂದೇ ಓದಲು ಸಮಯವಿದೆ ಎನ್ನುವವರಿಗೆ ನಾನು ಆಯವ್ಯಯ ಪುಸ್ತಕವನ್ನಲ್ಲ, ಈ ವರದಿಯನ್ನೇ ಓದಲು ಹೇಳುತ್ತೇನೆ.

ಐದನೆಯ ಹೆಜ್ಜೆ: ಕಾಮಗಾರಿಯ ಕಡತ

ಇಲ್ಲಿಂದ ಲೆಕ್ಕ ನೆಲಕ್ಕೆ ಇಳಿಯುತ್ತದೆ. ಪ್ರತಿ ಕಾಮಗಾರಿಗೂ ಒಂದು ಕಡತವಿರುತ್ತದೆ. ಅದರಲ್ಲಿ ಕ್ರಿಯಾ ಯೋಜನೆಯ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ (ಅಂದಾಜಿಗೆ ಎಂಜಿನಿಯರರ ಒಪ್ಪಿಗೆ), ಟೆಂಡರ್ ಕಾಗದಗಳು, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು ಮತ್ತು ವೋಚರುಗಳು ಅನುಕ್ರಮವಾಗಿ ಸೇರುತ್ತ ಹೋಗಬೇಕು. ದಿನಾಂಕಗಳನ್ನು ಮೊದಲು ನೋಡಿ. ತಾಂತ್ರಿಕ ಮಂಜೂರಾತಿಗಿಂತ ಮೊದಲೇ ಕಾರ್ಯಾದೇಶ ಹೊರಟಿದ್ದರೆ, ಅಥವಾ ಮೂರು ತಿಂಗಳ ಕೆಲಸಕ್ಕೆ ಹತ್ತೇ ದಿನದಲ್ಲಿ ಅಂತಿಮ ಬಿಲ್ಲು ಆಗಿದ್ದರೆ, ಮೊತ್ತಗಳನ್ನು ನೋಡುವ ಮೊದಲೇ ಪ್ರಶ್ನೆ ಸಿದ್ಧವಾಗಿದೆ.

ಎರಡನೆಯದಾಗಿ ಕಾಮಗಾರಿಯನ್ನು ತುಂಡು ಮಾಡಿದ್ದಾರೆಯೇ ಎಂಬುದನ್ನು ಗಮನಿಸಿ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ನಿಗದಿತ ಮಿತಿಗೆ ಮೇಲ್ಪಟ್ಟ ಕಾಮಗಾರಿಗಳಿಗೆ ಟೆಂಡರನ್ನು ಕಡ್ಡಾಯ ಮಾಡಿದೆ. “ರಾಮಣ್ಣನ ಮನೆಯಿಂದ ಭೀಮಣ್ಣನ ಮನೆಯವರೆಗೆ”, “ಭೀಮಣ್ಣನ ಮನೆಯಿಂದ ಗುಡಿಯವರೆಗೆ” ಎಂದು ಒಂದೇ ರಸ್ತೆ ನಾಲ್ಕು ಕಾಮಗಾರಿಗಳಾಗಿ, ನಾಲ್ಕೂ ಮಿತಿಗಿಂತ ತುಸುವೇ ಕೆಳಗಿನ ಮೊತ್ತದಲ್ಲಿದ್ದರೆ, ಟೆಂಡರಿಲ್ಲದೆ ಕೊಡುವ ತುಂಡು ಗುತ್ತಿಗೆಯ ದಾರಿ ಹಿಡಿಯಲಾಗಿದೆ ಎಂಬ ಅನುಮಾನಕ್ಕೆ ಅದು ಸಾಕು. ಟೆಂಡರ್ ಕರೆದ ಕಾಮಗಾರಿಗಳ ವಿವರ ಕೆಪಿಪಿಪಿ ಎಂದು ಕರೆಯುವ ರಾಜ್ಯದ ಸಂಗ್ರಹಣಾ ಜಾಲತಾಣದಲ್ಲಿ ಸಿಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅಳತೆ ಪುಸ್ತಕ. ಇದನ್ನು ಕಚೇರಿಗಳಲ್ಲಿ ಎಂ.ಬಿ. ಎನ್ನುತ್ತಾರೆ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆದ ಉದ್ದ, ಅಗಲ, ದಪ್ಪಗಳ ಆಧಾರದ ಮೇಲೆಯೇ ಬಿಲ್ಲು ತಯಾರಾಗುತ್ತದೆ. ನೂರು ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಎಂದು ಬರೆದಿದ್ದರೆ ಅದು 45 ಘನ ಮೀಟರ್ ಕಾಂಕ್ರೀಟ್. ಉದ್ದ ಮತ್ತು ಅಗಲದಲ್ಲಿ ಮೋಸ ಮಾಡಿದರೆ ಟೇಪು ಹಿಡಿದ ಯಾರಿಗೂ ಗೊತ್ತಾಗುತ್ತದೆ. ಆದ್ದರಿಂದ ಮೋಸವಿದ್ದರೆ ಅದು ಅಡಗುವುದು ದಪ್ಪದಲ್ಲಿ. ಅದೇ ರಸ್ತೆ 10 ಸೆಂಟಿಮೀಟರ್ ಮಾತ್ರ ಇದ್ದರೆ 30 ಘನ ಮೀಟರ್ ಆಗುತ್ತದೆ, ಮೂರರಲ್ಲಿ ಒಂದು ಪಾಲು ಕಾಂಕ್ರೀಟ್ ಕಾಣೆಯಾಗುತ್ತದೆ, ಮೇಲಿನಿಂದ ನೋಡುವವರಿಗೆ ಎರಡೂ ರಸ್ತೆ ಒಂದೇ ಥರ ಇರುತ್ತವೆ. ರಸ್ತೆಯ ಅಂಚು ಮಣ್ಣಿನಿಂದ ತೆರೆದಿರುವ ಕಡೆ ನಾಲ್ಕಾರು ಸ್ಥಳಗಳಲ್ಲಿ ದಪ್ಪ ಅಳೆದು, ಸ್ಕೇಲು ಕಾಣುವಂತೆ ಚಿತ್ರ ತೆಗೆಯಿರಿ. ಆದರೆ ಅಂಚಿನ ಅಳತೆಯೊಂದರಿಂದಲೇ ಆರೋಪ ಮಾಡಬೇಡಿ. ಮಧ್ಯದ ದಪ್ಪವನ್ನು ತಿಳಿಯಲು ಕೊರೆದು ಮಾದರಿ ತೆಗೆಯಬೇಕಾಗುತ್ತದೆ, ಅದನ್ನು ಮಾಡಿಸುವಂತೆ ಕೇಳಲು ಈ ಚಿತ್ರಗಳು ಆಧಾರವಾಗುತ್ತವೆ.

ಆರನೆಯ ಹೆಜ್ಜೆ: ಮಾಹಿತಿ ಹಕ್ಕಿನ ಅರ್ಜಿ

ಕಡತವನ್ನು ಕೇಳಿದೊಡನೆ ತೋರಿಸುವ ಅಧಿಕಾರಿಗಳೂ ಇದ್ದಾರೆ. ಮೊದಲು ಬಾಯಿಮಾತಿನಲ್ಲಿ ಕೇಳಿ ನೋಡುವುದು ಒಳ್ಳೆಯದು. ಆಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದ 6ನೇ ಪ್ರಕರಣದಡಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಅವರೇ ಸಾರ್ವಜನಿಕ ಮಾಹಿತಿ ಅಧಿಕಾರಿ. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ಮಿತಿಯನ್ನು ಮರೆತು ಎರಡು ಪುಟ ಬರೆದವರ ಅರ್ಜಿ ಅದೇ ಕಾರಣಕ್ಕೆ ಹಿಂದಿರುಗುತ್ತದೆ.

ಅರ್ಜಿಯಲ್ಲಿ “ಏಕೆ” ಎಂಬ ಪದವನ್ನು ಬಳಸಬೇಡಿ. ಕಾನೂನು ಕೊಡುವುದು ದಾಖಲೆಯನ್ನು, ವಿವರಣೆಯನ್ನಲ್ಲ. “ರಸ್ತೆ ಏಕೆ ಕಳಪೆಯಾಗಿದೆ” ಎಂದು ಕೇಳಿದರೆ ಉತ್ತರ ಬರುವುದಿಲ್ಲ. “ಇಂಥ ಸಾಲಿನ ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಹಾಗೂ ಪಾವತಿ ವೋಚರುಗಳ ದೃಢೀಕೃತ ಪ್ರತಿಗಳನ್ನು ಒದಗಿಸಿ” ಎಂದು ಬರೆದರೆ ನುಣುಚಿಕೊಳ್ಳುವುದು ಕಷ್ಟ. ಕಡತ ದೊಡ್ಡದಿದ್ದರೆ ಮೊದಲು ಪರಿಶೀಲನೆಗೆ ಅವಕಾಶ ಕೇಳಿ, ನೋಡಿದ ಮೇಲೆ ಬೇಕಾದ ಪುಟಗಳ ಪ್ರತಿ ಪಡೆಯಿರಿ. 2(ಜೆ) ಪ್ರಕರಣದಂತೆ ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇದೆ. ಹೆಚ್ಚಿನ ಅರ್ಜಿದಾರರು ಇದನ್ನು ಬಳಸುವುದೇ ಇಲ್ಲ. ವ್ಯಕ್ತಿಗಳ ವಿವರಕ್ಕಿಂತ ಕಾಮಗಾರಿಯ ವಿವರವನ್ನು ಕೇಳಿದರೆ ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ನಿರಾಕರಿಸಲು ಆಸ್ಪದ ಕಡಿಮೆ.

ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಸ್ವೀಕೃತಿ ಪತ್ರವಿಲ್ಲದೆ ಯಾವ ಕಾಗದವನ್ನೂ ಕೊಡಬೇಡಿ.

ಏಳನೆಯ ಹೆಜ್ಜೆ: ಕಾಗದವನ್ನು ಸಭೆಗೆ ಒಯ್ಯುವುದು

ದಾಖಲೆ ಕೈಗೆ ಬಂದ ಮೇಲೆ ನೇರವಾಗಿ ದೂರು ಬರೆಯುವ ಆತುರ ಬೇಡ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಪ್ರಶ್ನೆಯನ್ನು ಲಿಖಿತವಾಗಿ ಕೊಟ್ಟು, ಅದು ನಡಾವಳಿಯಲ್ಲಿ ದಾಖಲಾಯಿತೇ ಎಂದು ನೋಡಿಕೊಳ್ಳಬೇಕು. ನಡಾವಳಿ ಪುಸ್ತಕದಲ್ಲಿ ಇಲ್ಲದ ಮಾತು ಕಚೇರಿಯ ಪಾಲಿಗೆ ಆಡದ ಮಾತು.

ಇದಕ್ಕಿಂತ ಬಲವಾದ, ಆದರೆ ಜನ ಬಾರದೆ ಸೊರಗಿರುವ ವೇದಿಕೆ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಹಿಂದಿನ ಸಾಲಿನ ಜಮಾ ಖರ್ಚು ಮತ್ತು ಕಾಮಗಾರಿಗಳನ್ನು ಹೊರಗಿನಿಂದ ನಿಯೋಜಿತರಾದ ಅಧಿಕಾರಿಗಳ ತಂಡ ಸಾರ್ವಜನಿಕರ ಎದುರಿನಲ್ಲಿ ಪರಿಶೀಲಿಸಬೇಕು. ವಹಿಗಳನ್ನು ಬಿಚ್ಚಿಡಬೇಕು, ಕಾಮಗಾರಿ ಸ್ಥಳಕ್ಕೂ ಹೋಗಬೇಕು. ಅನೇಕ ಕಡೆ ಇದು ಹೂಗುಚ್ಛ, ಭಾಷಣ, ಉಪ್ಪಿಟ್ಟಿನಲ್ಲಿ ಮುಗಿಯುವುದಕ್ಕೆ ಕಾರಣ ವಹಿಯನ್ನು ತೆರೆದು ತೋರಿಸಿ ಎನ್ನುವವರು ಸಭೆಯಲ್ಲಿ ಇಲ್ಲದಿರುವುದು. ಜುಲೈ ತಿಂಗಳಿನಲ್ಲಿಯೇ ಮೇಲಿನ ದಾಖಲೆಗಳನ್ನು ಪಡೆದಿದ್ದರೆ ನೀವು ಆ ಸಭೆಗೆ ಅಳತೆ ಪುಸ್ತಕದ ಪ್ರತಿ, ಅಳತೆಯ ಚಿತ್ರಗಳು ಮತ್ತು ಒಂದು ಟೇಪಿನೊಂದಿಗೆ ಹೋಗಬಹುದು, ತಂಡವನ್ನು ನಿಮ್ಮ ರಸ್ತೆಗೇ ಮೊದಲು ಕರೆದೊಯ್ಯಬಹುದು.

ಗ್ರಾಮ ಪಂಚಾಯಿತಿಯ ಲೆಕ್ಕಗಳನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಪರಿಶೋಧಿಸುತ್ತದೆ. ಹಿಂದಿನ ಎರಡು ಮೂರು ವರ್ಷಗಳ ಪರಿಶೋಧನಾ ವರದಿಗಳನ್ನೂ, ಅವುಗಳಲ್ಲಿನ ಆಕ್ಷೇಪಣೆಗಳಿಗೆ ಪಂಚಾಯಿತಿ ಸಲ್ಲಿಸಿದ ಅನುಪಾಲನಾ ವರದಿಯನ್ನೂ ಒಟ್ಟಿಗೆ ಕೇಳಿ ಪಡೆಯಿರಿ. ನಿಮ್ಮ ರಸ್ತೆಯ ವಿಷಯ ಅದರಲ್ಲಿ ಇಲ್ಲದಿರಬಹುದು, ಆದರೆ ಅದೇ ಬಗೆಯ ತಪ್ಪನ್ನು ಪರಿಶೋಧಕರು ಮೊದಲೇ ಎತ್ತಿ ತೋರಿಸಿದ್ದರೆ ನಿಮ್ಮ ದೂರಿನ ಮೊದಲ ವಾಕ್ಯ ಅದೇ ಆಗಬೇಕು. ದೂರನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಳುಹಿಸಿ. ಒಂದು ಪುಟ ಸಾಕು: ಕಾಮಗಾರಿಯ ಹೆಸರು, ಅಳತೆ ಪುಸ್ತಕದ ಪುಟ ಸಂಖ್ಯೆ, ಅಲ್ಲಿ ಬರೆದ ದಪ್ಪ, ನೀವು ಅಳೆದ ದಪ್ಪ, ಅಳೆದ ದಿನಾಂಕ.